ಕ್ಯಾಲ್ಗರಿ ಡೌನ್‌ಟೌನ್‌ನ ಖಾಲಿ ಆಫೀಸುಗಳು ಮನೆಗಳಾಗುತ್ತಿವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಗೆ ಹೊಸದಾಗಿ ಬರುವ ಕನ್ನಡದವರು ಮೊದಲು ಮಾಡುವ ಕೆಲಸ ಬಾಡಿಗೆ ಮನೆ ಹುಡುಕುವುದು. ಹುಡುಕುವಾಗ ಡೌನ್‌ಟೌನ್‌ನಲ್ಲಿ "ಮೊದಲು ಆಫೀಸ್ ಆಗಿತ್ತು, ಈಗ ಅಪಾರ್ಟ್‌ಮೆಂಟ್" ಅನ್ನುವ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಅದಕ್ಕೆ ಸಿಟಿಯೇ ದುಡ್ಡು ಕೊಟ್ಟಿದೆ ಅಂತ ಗೊತ್ತಾದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ನಾನು ಇದೇ ಊರಲ್ಲಿದ್ದೇನೆ, ಈ ಕೆಲಸವನ್ನು ಆಸೆಯಿಂದ ನೋಡುತ್ತಾ ಬಂದಿದ್ದೇನೆ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಉದ್ದ ಬರೆಯೋ ಬದಲು ಎಲ್ಲಾ ಒಂದೇ ಕಡೆ ಇರಲಿ ಅಂತ ಇಲ್ಲಿ ಬರೆದಿದ್ದೇನೆ. ಇಲ್ಲಿ ಡಾಲರ್ ಅಂದರೆ ಕೆನಡಾ ಡಾಲರ್, ಕಚ್ಚಾ ತೈಲದ ಬೆಲೆ ಮಾತ್ರ ಅಮೆರಿಕದ ಡಾಲರ್‌ನಲ್ಲಿದೆ.

ಕ್ಯಾಲ್ಗರಿ ಡೌನ್‌ಟೌನ್‌ಗೆ ಆಗಿದ್ದಾದರೂ ಏನು?

ತೈಲ. 1947ರಲ್ಲಿ ಎಡ್ಮಂಟನ್ ಹತ್ತಿರದ ಲೆಡ್ಯೂಕ್‌ನಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. ತೈಲ ಸಿಕ್ಕಿದ್ದು ಎಡ್ಮಂಟನ್ ಪಕ್ಕದಲ್ಲಿ, ಕಂಪನಿಗಳು ಬಂದು ಕೂತಿದ್ದು ಮಾತ್ರ ಕ್ಯಾಲ್ಗರಿಯಲ್ಲಿ. ಅದಕ್ಕೆ ಒಂದು ಕಾರಣ, ಇಲ್ಲಿ ಹೊಸ ಆಫೀಸ್ ಜಾಗ ತಯಾರಿತ್ತು: 1951ರಲ್ಲಿ ಮುಗಿದ ಬ್ಯಾರನ್ ಬಿಲ್ಡಿಂಗ್. ಅಲ್ಲಿಂದ ಮುಂದೆ ಆಫೀಸಿನ ಮೇಲೆ ಆಫೀಸು ಎದ್ದವು. ಮನೆಗಳು ಹೊರಗೆ, ಇನ್ನೂ ಹೊರಗೆ ಹೋದವು. ಬೆಳಗ್ಗೆ ರೈಲಲ್ಲಿ, ಕಾರಲ್ಲಿ ಜನ ಡೌನ್‌ಟೌನ್‌ಗೆ ಬರುತ್ತಿದ್ದರು, ಸಂಜೆ ಐದಕ್ಕೆ ಎಲ್ಲರೂ ವಾಪಸ್.

2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ದಾಟಿದ್ದ ತೈಲ 2016ರ ಶುರುವಿಗೆ 30 ಡಾಲರ್‌ಗಿಂತ ಕೆಳಗೆ ಬಂತು. ಕೆಲಸ ಹೋದವು, ಮಹಡಿಗಟ್ಟಲೆ ಆಫೀಸು ಖಾಲಿಯಾದವು. ಅದರ ಮೇಲೆ ಕೋವಿಡ್ ಬಂತು. 2021ರ ಹೊತ್ತಿಗೆ ಡೌನ್‌ಟೌನ್‌ನ 4 ಕೋಟಿ ಚದರ ಅಡಿಗೂ ಹೆಚ್ಚಿನ ಆಫೀಸ್ ಜಾಗದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಖಾಲಿ ಇತ್ತು.

ಆದರೆ ತೈಲದ ಬೆಲೆ ಮತ್ತೆ ಏರಿತಲ್ಲ? ಆಫೀಸು ಯಾಕೆ ತುಂಬಲಿಲ್ಲ?

2022ರಲ್ಲಿ ಮತ್ತೆ 100 ಡಾಲರ್ ದಾಟಿತು, ಕಂಪನಿಗಳು ಚೆನ್ನಾಗಿ ಲಾಭ ಮಾಡಿದವು, ಆದರೆ ಜನ ವಾಪಸ್ ಬರಲಿಲ್ಲ. ಕಂಪನಿಗಳು ಕಡಿಮೆ ಜನರಿಂದ ಹೆಚ್ಚು ತೈಲ ತೆಗೆಯೋದನ್ನ ಕಲಿತಿದ್ದವು. ಒಂದನ್ನೊಂದು ಕೊಂಡುಕೊಂಡವು ಕೂಡ. 2021ರಲ್ಲಿ ಸೆನೋವಸ್ ಮತ್ತು ಹಸ್ಕಿ ಒಂದಾದವು. ಎರಡು ಮುಖ್ಯ ಕಚೇರಿ ಬೇಕಿದ್ದ ಕಡೆ ಒಂದು ಸಾಕಾಯಿತು. "ತೈಲ ಏರಲಿ, ಎಲ್ಲ ಸರಿಹೋಗುತ್ತೆ" ಅಂತ ಕಾಯುತ್ತಿದ್ದವರಿಗೆ 2022ರಲ್ಲೇ ಉತ್ತರ ಸಿಕ್ಕಿತು. ಅದಕ್ಕೂ ಮೊದಲೇ, 2021ರಲ್ಲೇ, ಸಿಟಿ ಕೌನ್ಸಿಲ್ ಕಾಯೋದು ಬಿಟ್ಟು ದುಡ್ಡು ಹಾಕಿದ್ದು ಸರಿಯಾಗಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆಫೀಸು ಖಾಲಿ ಆದರೆ ಅದು ಮಾಲೀಕರ ಪಾಡು. ಅದಕ್ಕೆ ನನ್ನ ತೆರಿಗೆ ದುಡ್ಡು ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಕೇಳಲೇಬೇಕಾದ್ದೂ ಹೌದು. ಉತ್ತರ ಸ್ವಲ್ಪ ಉದ್ದ.

ಇಲ್ಲಿ ಆಸ್ತಿ ತೆರಿಗೆ ಹೇಗೆ ನಡೆಯುತ್ತೆ ಅಂದರೆ, ಸಿಟಿ ಮೊದಲು ವರ್ಷಕ್ಕೆ ತನಗೆ ಎಷ್ಟು ದುಡ್ಡು ಬೇಕು ಅಂತ ತೀರ್ಮಾನಿಸುತ್ತದೆ. ಆಮೇಲೆ ಅದನ್ನು ಆಸ್ತಿಗಳ ಬೆಲೆ ನೋಡಿ ಹಂಚುತ್ತದೆ. ಡೌನ್‌ಟೌನ್ ಟವರುಗಳು ದುಬಾರಿಯಾಗಿದ್ದಾಗ ವ್ಯಾಪಾರದ ಆಸ್ತಿಗಳ ತೆರಿಗೆಯಲ್ಲಿ ದೊಡ್ಡ ಪಾಲು ಅವೇ ಕಟ್ಟುತ್ತಿದ್ದವು. 2015ರಿಂದ 2021ರ ಒಳಗೆ ಆ ಆಫೀಸುಗಳ ಒಟ್ಟು ಬೆಲೆ ಸುಮಾರು 1,600 ಕೋಟಿ ಡಾಲರ್ ಇಳಿಯಿತು. ಬೆಲೆ ಇಳಿದರೆ ಅವುಗಳ ತೆರಿಗೆ ಪಾಲೂ ಇಳಿಯಿತು. ಸಿಟಿಗೆ ಬೇಕಾದ ದುಡ್ಡು ಮಾತ್ರ ಇಳಿಯಲಿಲ್ಲ, ಬಸ್ಸು ಓಡಬೇಕು, ಹಿಮ ತೆಗೆಯಬೇಕು, ಪೊಲೀಸರಿಗೆ ಸಂಬಳ ಕೊಡಬೇಕು. ಹಾಗಾದರೆ ಉಳಿದದ್ದನ್ನು ಯಾರು ಕಟ್ಟಿದರು? ಡೌನ್‌ಟೌನ್‌ಗೆ ಕಾಲೂ ಇಡದ, ಊರಾಚೆ ಇರುವ ಗ್ಯಾರೇಜು, ಬೇಕರಿ, ಸಣ್ಣ ಗೋದಾಮು. ವ್ಯಾಪಾರ ಒಂದು ಪೈಸೆ ಏರದಿದ್ದರೂ ಅವರ ತೆರಿಗೆ ಬಿಲ್ ಏರುತ್ತಾ ಹೋಯಿತು. 2019ರ ಜೂನ್‌ನಲ್ಲಿ ಅವರೆಲ್ಲ ಸಿಟಿ ಹಾಲ್ ಮುಂದೆ ಸೇರಿ ಪ್ರತಿಭಟಿಸಿದರು. ಅವರಿಗೆ ತೆರಿಗೆ ತಗ್ಗಿಸಲು ಕೌನ್ಸಿಲ್ ಆ ವರ್ಷ ತನ್ನ ಬಜೆಟ್ಟಿಂದಲೇ 6 ಕೋಟಿ ಡಾಲರ್ ಕಡಿತ ಮಾಡಬೇಕಾಯಿತು, ಉಳಿದದ್ದನ್ನು ಮೀಸಲು ನಿಧಿಯಿಂದ ತೆಗೆಯಿತು.

ಅಂದರೆ ಖಾಲಿ ಟವರಿನ ಖರ್ಚು ಊರಿನ ಮೇಲೆ ಆಗಲೇ ಬಿದ್ದಿತ್ತು. ಸಿಟಿ ಸುಮ್ನೆ ಇದ್ದಿದ್ದರೂ ನೀವು ಕಟ್ಟುತ್ತಲೇ ಇದ್ದಿರಿ, ಬದಲಿಗೆ ಏನೂ ಸಿಗುತ್ತಿರಲಿಲ್ಲ ಅಷ್ಟೇ.

ಆದರೂ ತಪ್ಪು ಲೆಕ್ಕ ಹಾಕಿದ ಮಾಲೀಕನಿಗೆ ಇದು ಉಡುಗೊರೆ ಅಲ್ವಾ ಅಂತ ಕೇಳುವವರಿಗೆ: ಸ್ವಲ್ಪ ಮಟ್ಟಿಗೆ ಹೌದು, ಮುಚ್ಚಿಡುವಂಥದ್ದೇನಿಲ್ಲ. ಒಂದಷ್ಟು ಜಾಗ ಮಾರುಕಟ್ಟೆಯಿಂದ ಹೊರಗೆ ಹೋದರೆ ಉಳಿದ ಆಫೀಸುಗಳ ಬೆಲೆ ನಿಲ್ಲುತ್ತದೆ, ಅದರಿಂದ ಮಾಲೀಕರಿಗೂ ಲಾಭ, ತೆರಿಗೆ ಪಾಲು ನಿಲ್ಲುವುದರಿಂದ ಊರಿಗೂ ಲಾಭ. ಇನ್ನೊಂದು ಮಾತೂ ಇದೆ. ಮನೆಯಾದ ಕಟ್ಟಡ ಮನೆಯ ದರದಲ್ಲೇ ತೆರಿಗೆ ಕಟ್ಟುತ್ತದೆ, ಅದು ವ್ಯಾಪಾರದ ದರಕ್ಕಿಂತ ತುಂಬಾ ಕಡಿಮೆ. ಹಾಗಾಗಿ ಆ ಒಂದು ಕಟ್ಟಡದ ತೆರಿಗೆಯಿಂದಲೇ ಸಿಟಿಯ ದುಡ್ಡು ನಾಳೆ ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲಾಭ ನೋಡಬೇಕಾದ್ದು ಇಡೀ ಡೌನ್‌ಟೌನ್‌ನ ಲೆಕ್ಕದಲ್ಲಿ.

ಸಿಟಿ ಎಷ್ಟು ಕೊಡುತ್ತದೆ?

ಚದರ ಅಡಿಗೆ 75 ಡಾಲರ್. ಒಂದು ಲಕ್ಷ ಚದರ ಅಡಿಯ ಆಫೀಸು ಮನೆಯಾದರೆ 75 ಲಕ್ಷ ಡಾಲರ್. ಒಂದು ಕಟ್ಟಡಕ್ಕೆ 1.5 ಕೋಟಿ ಡಾಲರ್ ಮೀರಿದರೆ ಕೌನ್ಸಿಲ್ ಒಪ್ಪಿಗೆ ಬೇಕು.

ದುಡ್ಡು ಬಂದದ್ದು 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆದ ಗ್ರೇಟರ್ ಡೌನ್‌ಟೌನ್ ಪ್ಲಾನ್‌ನಿಂದ. ಮೊದಲ ಕಂತು 20 ಕೋಟಿ ಡಾಲರ್, ಅದರಲ್ಲಿ ಆಫೀಸು ಬದಲಿಸಲು ಇಟ್ಟಿದ್ದು 4.5 ಕೋಟಿ. ಅರ್ಜಿಗಳು ಬಂದ ವೇಗಕ್ಕೆ ಅದು ಸಾಲಲಿಲ್ಲ, ಹತ್ತು ಕೋಟಿಗೆ ಏರಿಸಿದರು, ಆಮೇಲೆ ಇನ್ನೂ ಏರಿಸಿದರು. ಕೊನೆಗೆ 2023ರಲ್ಲಿ ದುಡ್ಡೆಲ್ಲ ಹಂಚಿಹೋಗಿ ಹೊಸ ಅರ್ಜಿ ತಗೊಳ್ಳೋದನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಸತಿಗಾಗಿ ಕ್ಯಾಲ್ಗರಿಗೆ ಸುಮಾರು 22.8 ಕೋಟಿ ಡಾಲರ್ ಕೊಡಲು ಒಪ್ಪಿತು, ಅದರ ಒಂದು ಪಾಲು ಈ ಕೆಲಸಕ್ಕೂ ಬಂತು. 2031ರ ಒಳಗೆ 60 ಲಕ್ಷ ಚದರ ಅಡಿ ಆಫೀಸು ಕಡಿಮೆ ಮಾಡಬೇಕು ಅನ್ನೋದು ಸಿಟಿಯ ಗುರಿ.

ದುಡ್ಡು ತಗೊಂಡು ಕೆಲಸ ಅರ್ಧಕ್ಕೆ ಬಿಟ್ಟರೆ?

ಆಗಲ್ಲ. ಕೆಲಸ ಪೂರ್ತಿ ಮುಗಿದು, ಜನ ವಾಸ ಮಾಡಬಹುದು ಅಂತಾದ ಮೇಲೆಯೇ ಸಿಟಿ ದುಡ್ಡು ಕೊಡೋದು. ಅಲ್ಲಿವರೆಗೆ ಸಾಲ, ಬಡ್ಡಿ, ತಲೆನೋವು ಎಲ್ಲಾ ಬಿಲ್ಡರ್‌ದು. ಈ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಇದೇ.

ಯಾವ ಆಫೀಸು ಬೇಕಾದರೂ ಮನೆ ಆಗುತ್ತಾ?

ಇಲ್ಲ. ಹೆಚ್ಚಿನವು ಆಗಲ್ಲ. ಒಂದು ಆಫೀಸ್ ಮಹಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ಲಿಫ್ಟು, ಮೆಟ್ಟಿಲು, ಟಾಯ್ಲೆಟ್ಟು. ಸುತ್ತ ಖಾಲಿ ಜಾಗ. ಹೊರಗೋಡೆಗೆ ಗಾಜು, ಆ ಗಾಜು ತೆಗೆಯಲು ಬರಲ್ಲ. ಮನೆ ಅಂದಮೇಲೆ ಮಲಗುವ ಕೋಣೆಗೆ ಕಿಟಕಿ ಬೇಕು. ನಡುವಿನ ಲಿಫ್ಟಿನಿಂದ ಹೊರಗೋಡೆಗೆ ದೂರ ಜಾಸ್ತಿ ಇದ್ದರೆ ಮನೆಯ ಒಳಭಾಗ ಪೂರ್ತಿ ಕತ್ತಲೆ, ಅಲ್ಲಿ ಬಚ್ಚಲು, ಸ್ಟೋರ್ ರೂಮ್ ಬಿಟ್ಟು ಇನ್ನೇನೂ ಮಾಡೋಕಾಗಲ್ಲ. ಅದಕ್ಕೇ ಹೊಸ ಕಾಲದ ಅಗಲವಾದ ದೊಡ್ಡ ಟವರುಗಳು ಈ ಕೆಲಸಕ್ಕೆ ಬರಲ್ಲ. ಹಳೆಯ, ಸಣ್ಣ ಮಹಡಿಯ, ಯಾರೂ ಬಾಡಿಗೆಗೆ ಕೇಳದ ಕಟ್ಟಡಗಳೇ ಬೇಕು. ಪುಣ್ಯಕ್ಕೆ ಕ್ಯಾಲ್ಗರಿಯಲ್ಲಿ 70-80ರ ದಶಕದ ಅಂಥ ಕಟ್ಟಡಗಳು ಸಾಕಷ್ಟಿವೆ.

ಆಮೇಲೆ ನೀರಿನ ಪೈಪು. ಆಫೀಸಿನಲ್ಲಿ ಮಹಡಿಗೆ ಒಂದೇ ಕಡೆ ಟಾಯ್ಲೆಟ್ ಇದ್ದರೆ ಸಾಕು. ಮನೆ ಆದಾಗ ಪ್ರತಿ ಮನೆಗೂ ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಮೆಷಿನ್. ಒಂದೊಂದಕ್ಕೂ ಕಾಂಕ್ರೀಟ್ ಚಪ್ಪಡಿಯಲ್ಲಿ ತೂತು ಕೊರೆಯಬೇಕು. ಕೆಲವು ಕಟ್ಟಡಗಳ ಚಪ್ಪಡಿಯೊಳಗೆ ಬಿಗಿಯಾಗಿ ಎಳೆದ ಉಕ್ಕಿನ ತಂತಿಗಳಿರುತ್ತವೆ, ಎಲ್ಲೆಂದರಲ್ಲಿ ಕೊರೆದರೆ ಅಪಾಯ. ಅದಕ್ಕೆ ಮೊದಲು ಸ್ಕ್ಯಾನ್ ಮಾಡಿ ತಂತಿ ಎಲ್ಲಿದೆ ಅಂತ ನೋಡಿ ಗುರುತು ಹಾಕಿ ಆಮೇಲೆ ಡ್ರಿಲ್ ಹಿಡಿಯುತ್ತಾರೆ. ಇಂಥ ಸಮಸ್ಯೆಗಳನ್ನೆಲ್ಲ ಮುಂಚೆಯೇ ತೂಗಿ ನೋಡಲು ಗೆನ್ಸ್‌ಲರ್ ಅನ್ನುವ ವಾಸ್ತುಶಿಲ್ಪ ಸಂಸ್ಥೆ ಕಟ್ಟಡಗಳಿಗೆ ಅಂಕ ಕೊಡುವ ಪದ್ಧತಿ ಮಾಡಿದೆ, ಕ್ಯಾಲ್ಗರಿಯ ಕಟ್ಟಡಗಳನ್ನೂ ಹಾಗೆ ಅಳೆದು ನೋಡಿದ್ದಾರೆ.

ಇಷ್ಟೆಲ್ಲ ಪಡುವ ಬದಲು ಕೆಡವಿ ಹೊಸದು ಕಟ್ಟಬಹುದಲ್ಲ?

ಕೆಲವು ಕಡೆ ಹೌದು. ಆದರೆ ಕಟ್ಟಡದ ಅಸ್ಥಿಪಂಜರ ಗಟ್ಟಿ ಇದ್ದಾಗ ಅದನ್ನು ಒಡೆದು ಮತ್ತೆ ಅಷ್ಟೇ ಕಾಂಕ್ರೀಟ್, ಉಕ್ಕು ಸುರಿಯುವುದು ದುಡ್ಡಿಗೂ ನಷ್ಟ, ಪರಿಸರಕ್ಕೂ ನಷ್ಟ. ಸಮಯವೂ ಹೆಚ್ಚು ಹಿಡಿಯುತ್ತದೆ.

ಇಲ್ಲಿವರೆಗೆ ಏನಾಗಿದೆ?

ಒಪ್ಪಿಗೆ ಸಿಕ್ಕ ಯೋಜನೆಗಳನ್ನೆಲ್ಲ ಸೇರಿಸಿದರೆ 20 ಲಕ್ಷ ಚದರ ಅಡಿಗೂ ಹೆಚ್ಚು ಆಫೀಸು, 2,000ಕ್ಕೂ ಹೆಚ್ಚು ಮನೆ. ಸಿಟಿಯ ಈ ಯೋಜನೆಯಲ್ಲಿ ಮೊದಲು ಮುಗಿದದ್ದು ಕಾರ್ನರ್‌ಸ್ಟೋನ್, 112 ಮನೆಗಳು, 2024ರಲ್ಲಿ ಜನ ಬಂದರು. ಅದಕ್ಕೂ ಮೊದಲೇ ಬೇರೆ ದುಡ್ಡಿನಲ್ಲಿ ಸಿಯೆರಾ ಪ್ಲೇಸ್ ಅನ್ನುವ ಆಫೀಸ್ ಕಟ್ಟಡವನ್ನು ಹೋಮ್‌ಸ್ಪೇಸ್ ಅನ್ನುವ ಲಾಭರಹಿತ ಸಂಸ್ಥೆ ನಿಯೋಮಾ ಅಂತ ಬದಲಿಸಿತು. ಅಲ್ಲಿ 82 ಕಡಿಮೆ ಬಾಡಿಗೆಯ ಮನೆಗಳಿವೆ, ಸೂರಿಲ್ಲದ ಕುಟುಂಬಗಳಿಗೆ ತಂಗುವ ಜಾಗವೂ ಇದೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮಾತ್ರ ಬ್ಯಾರನ್ ಬಿಲ್ಡಿಂಗ್. ತೈಲದ ಆಫೀಸುಗಳ ಕಾಲ ಶುರುವಾದದ್ದೇ ಅಲ್ಲಿ ಅಂತ ಮೇಲೆ ಹೇಳಿದೆನಲ್ಲ, ಅದೂ ಎಷ್ಟೋ ವರ್ಷ ಖಾಲಿ ಬಿದ್ದಿತ್ತು. ಈಗ ಅದೂ ಮನೆಗಳ ಕಟ್ಟಡ. 8ನೇ ಅವೆನ್ಯೂನಲ್ಲಿ ಹೋಗುವಾಗ ತಲೆ ಎತ್ತಿ ನೋಡಿ, ಮೇಲಕ್ಕೆ ಹೋದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಸರಿಯುವ ಹಳೆಯ ಆಕಾರ ಹಾಗೇ ಉಳಿಸಿದ್ದಾರೆ.

ಬಾಡಿಗೆ ಕಮ್ಮಿ ಇರುತ್ತಾ?

ಹೆಚ್ಚಿನ ಕಡೆ ಇಲ್ಲ. ಮಾರುಕಟ್ಟೆ ಬಾಡಿಗೆಯೇ. ಶುರುವಿನಲ್ಲಿ ಸಿಟಿ ಗುರಿ ಇಟ್ಟಿದ್ದು ಖಾಲಿ ಆಫೀಸು ಕಡಿಮೆ ಮಾಡೋದಕ್ಕೆ, ಇಷ್ಟು ಮನೆ ಕಡಿಮೆ ಬಾಡಿಗೆಗೆ ಕೊಡಲೇಬೇಕು ಅನ್ನೋ ಷರತ್ತು ಹಾಕಲಿಲ್ಲ. ಇದು ಯೋಜನೆಯ ದೊಡ್ಡ ಕೊರತೆ ಅಂತ ನನಗನ್ನಿಸುತ್ತದೆ. 75 ಡಾಲರ್ ಕೊಡುವಾಗ ಕೇಳುವ ಹಕ್ಕು ಸಿಟಿಗಿತ್ತು. ಎಲ್ಲ ಮನೆಗೂ ಅಲ್ಲ, ಹತ್ತರಲ್ಲಿ ಒಂದೋ ಎರಡೋ ಮನೆಗೆ ಕೇಳಿದ್ದರೂ ಡೌನ್‌ಟೌನ್‌ನಲ್ಲೇ ಹೋಟೆಲ್, ಆಸ್ಪತ್ರೆ, ಕ್ಲೀನಿಂಗ್ ಕೆಲಸ ಮಾಡುವವರು ಅಲ್ಲೇ ವಾಸ ಮಾಡಬಹುದಿತ್ತು. ರಾತ್ರಿ ಪಾಳಿ ಮುಗಿಸಿ ಮೈನಸ್ 25ರ ಚಳಿಯಲ್ಲಿ ರೈಲು ಕಾಯುವವರಲ್ಲಿ ಹೆಚ್ಚಿನವರು ಇವರೇ.

ಬರೀ ಮನೆ ಮಾಡಿದರೆ ಜನ ಬಂದುಬಿಡುತ್ತಾರಾ?

ಬರಲ್ಲ. ಇದಕ್ಕೆ ಪಕ್ಕದ ಈಸ್ಟ್ ವಿಲೇಜ್ ನೋಡಿ. ಡೌನ್‌ಟೌನ್‌ನ ಪೂರ್ವಕ್ಕೆ, ಬೋ ನದಿಯ ಪಕ್ಕ ಇರುವ ಜಾಗ. ಬಹಳ ಕಾಲ ಅಲ್ಲಿದ್ದದ್ದು ಪಾರ್ಕಿಂಗ್ ಲಾಟುಗಳು, ಒಂದಷ್ಟು ಹಿರಿಯರ ಮನೆಗಳು. ಮನೆ ಕಟ್ಟಿ ಅಂದರೆ ಯಾವ ಬಿಲ್ಡರ್ ಕೂಡ ಬರುತ್ತಿರಲಿಲ್ಲ. 2007ರಲ್ಲಿ ಸಿಟಿ ತನ್ನದೇ ಒಂದು ಸಂಸ್ಥೆ ಮಾಡಿತು, ಕ್ಯಾಲ್ಗರಿ ಮುನಿಸಿಪಲ್ ಲ್ಯಾಂಡ್ ಕಾರ್ಪೊರೇಷನ್. ಅದು ಸಾಲ ತಂದು ಮೊದಲು ಭೂಮಿಯ ಕೆಳಗಿನ ಪೈಪುಗಳು, ರಸ್ತೆ, ನದಿಯ ಪಕ್ಕ ನಡೆಯುವ ದಾರಿ, ಸೇಂಟ್ ಪ್ಯಾಟ್ರಿಕ್ಸ್ ಐಲೆಂಡ್ ಪಾರ್ಕು, ಅಲ್ಲಿಗೆ ಹೋಗುವ ಕಾಲುಸೇತುವೆ ಎಲ್ಲಾ ಮಾಡಿತು. ಆ ಪ್ರದೇಶದ ಆಸ್ತಿ ಬೆಲೆ ಏರಿದಾಗ ಹೆಚ್ಚಾಗಿ ಬರುವ ತೆರಿಗೆಯಿಂದ ಆ ಸಾಲ ತೀರಿಸುವುದು ಅಂತ ಲೆಕ್ಕ. ಇದಕ್ಕೆ ಕಮ್ಯುನಿಟಿ ರಿವೈಟಲೈಸೇಷನ್ ಲೆವಿ ಅನ್ನುತ್ತಾರೆ.

ಲೆಕ್ಕ ಕೂಡಿಬರಲು ಒಂದು ಕಾರಣ, ಆಗಷ್ಟೇ ಕಟ್ಟುತ್ತಿದ್ದ 58 ಮಹಡಿಯ ಬೋ ಟವರ್‌ನ ತೆರಿಗೆಯೂ ಆ ಗಡಿಯೊಳಗೆ ಬಂದದ್ದು. ಇದನ್ನು ಮರೆತು "ಪಾರ್ಕು ಮಾಡಿದರೆ ಸಾಲ ತಾನಾಗಿ ತೀರುತ್ತೆ" ಅಂತ ಬೇರೆ ಊರಿನವರು ನಕಲು ಮಾಡಿದರೆ ಕೈ ಸುಟ್ಟುಕೊಳ್ಳುತ್ತಾರೆ.

ಆಮೇಲೆ 2018ರಲ್ಲಿ ಸೆಂಟ್ರಲ್ ಲೈಬ್ರರಿ ಬಂತು, ಖರ್ಚು 24.5 ಕೋಟಿ ಡಾಲರ್. ಕಟ್ಟಡದ ಕೆಳಗೇ ಸಿ-ಟ್ರೇನ್ (ಊರೊಳಗೆ ಓಡುವ ಸಿಟಿ ರೈಲು) ಬಾಗಿ ಹಾದುಹೋಗುತ್ತದೆ, ಜನ ಅದರ ಮೇಲೆ ಕೂತು ಓದುತ್ತಾರೆ. ಒಂದು ಶನಿವಾರ ಒಳಗೆ ಹೋಗಿ ನೋಡಿ. ಕೆಳಗೆ ಮಕ್ಕಳು ಮರದ ಆಟದ ಜಾಗದಲ್ಲಿ ಹತ್ತಿ ಇಳಿಯುತ್ತಿರುತ್ತಾರೆ, ಮೇಲೆ ಹೊಸದಾಗಿ ದೇಶಕ್ಕೆ ಬಂದವರು ರೆಸ್ಯೂಮೆ ತಿದ್ದುತ್ತಿರುತ್ತಾರೆ, ಒಬ್ಬ ಅಜ್ಜ ಕಿಟಕಿ ಪಕ್ಕ ಪೇಪರ್ ಮುಖಕ್ಕೆ ಹಿಡಿದು ನಿದ್ದೆಗೆ ಜಾರಿರುತ್ತಾರೆ. ಯಾರೂ ಏನೂ ಕೊಳ್ಳಬೇಕಿಲ್ಲ. 2020ರಲ್ಲಿ ಪಕ್ಕದಲ್ಲೇ ದೊಡ್ಡ ದಿನಸಿ ಅಂಗಡಿಯೂ ತೆರೆಯಿತು. ಆ ಅಂಗಡಿ ಬಂದದ್ದು ಜನ ಬಂದ ಮೇಲೆ, ಜನ ಬಂದದ್ದು ಪಾರ್ಕು, ದಾರಿ, ಲೈಬ್ರರಿಗೆ ದುಡ್ಡು ಹಾಕಿದ ಮೇಲೆ. ಈ ಕ್ರಮ ಮುಖ್ಯ. ಪಶ್ಚಿಮದ ಕಡೆಯ ಆಫೀಸ್ ಬೀದಿಗಳಲ್ಲಿ ಈಗ ಮನೆ ಮೊದಲು ಬರುತ್ತಿದೆ, ಪಾರ್ಕು, ಅಂಗಡಿ ಹಿಂದೆ ಬಿದ್ದಿವೆ, ನನಗೆ ಚಿಂತೆ ಇರೋದು ಅದರದ್ದೇ.

ಪ್ಲಸ್ ಫಿಫ್ಟೀನ್ ಇರುವಾಗ ರಸ್ತೆಗೆ ಯಾಕೆ ಖರ್ಚು?

ಗೊತ್ತಿಲ್ಲದವರಿಗೆ: ನೆಲದಿಂದ ಸುಮಾರು 15 ಅಡಿ ಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳಿವೆ, 1970ರಿಂದ ಬೆಳೆದು ಈಗ ಒಟ್ಟು 16 ಕಿಲೋಮೀಟರ್‌ನಷ್ಟು. ಚಳಿಯಲ್ಲಿ ಜಾಕೆಟ್ ಇಲ್ಲದೆ ಊಟಕ್ಕೆ ಹೋಗಿ ಬರಬಹುದು. ಆಫೀಸಿಗೆ ಹೋಗುವವರಿಗೆ ವರ. ಆದರೆ ಅಂಗಡಿಗಳೂ ಜನರೂ ಮೇಲಕ್ಕೆ ಹೋಗಿ ಕೆಳಗಿನ ರಸ್ತೆ ಬಣಗುಡುವ ಹಾಗಾಯಿತು. ಆಫೀಸ್ ಸಮಯ ಮುಗಿದರೆ ಮೇಲಿನ ಅಂಗಡಿಗಳೂ ಬಾಗಿಲು ಹಾಕುತ್ತವೆ, ಅಲ್ಲೇ ವಾಸ ಮಾಡುವವರಿಗೆ ರಾತ್ರಿ ಎಂಟಕ್ಕೆ ಹಾಲು ಬೇಕಾದರೆ ಅದು ಉಪಯೋಗಕ್ಕೆ ಬರಲ್ಲ. ಮನೆ ಇರುವ ಕಡೆ ರಸ್ತೆ ಬೇಕು. ಡೌನ್‌ಟೌನ್‌ನ ಮುಖ್ಯ ಬೀದಿ ಸ್ಟೀಫನ್ ಅವೆನ್ಯೂವನ್ನು ಹೊಸದಾಗಿ ಮಾಡುತ್ತಿರುವುದು, 1988ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಕೊಟ್ಟ ಒಲಿಂಪಿಕ್ ಪ್ಲಾಜಾವನ್ನು ಬದಲಿಸುತ್ತಿರುವುದು ಇದಕ್ಕೇ.

ಹೊಸ ಅರೀನಾ ಕೂಡ ಇದೇ ಲೆಕ್ಕಕ್ಕೆ ಸೇರುತ್ತಾ?

ಐಸ್ ಹಾಕಿ ಅರೀನಾ ಸ್ಕೋಶಿಯಾ ಪ್ಲೇಸ್ ಕೆಲಸ 2024ರಲ್ಲಿ ಶುರುವಾಯಿತು, 2027ಕ್ಕೆ ತೆರೆಯುವ ಯೋಜನೆ. ಅದರಲ್ಲಿ ಸಿಟಿ ಪಾಲೇ 50 ಕೋಟಿ ಡಾಲರ್ ಮೀರುತ್ತದೆ. ಪಂದ್ಯದ ರಾತ್ರಿ ಜನ ಬರುತ್ತಾರೆ, ನಿಜ. ಉಳಿದ ರಾತ್ರಿ? ನನ್ನ ಕೈಲಿದ್ದಿದ್ದರೆ ಆ ದುಡ್ಡಲ್ಲಿ ದೊಡ್ಡ ಪಾಲು ಮನೆ, ಶಾಲೆ, ಪಾರ್ಕಿಗೆ ಹೋಗುತ್ತಿತ್ತು.

ಡೌನ್‌ಟೌನ್ ಸೇಫಾ?

ಹಗಲು ತೊಂದರೆ ಇಲ್ಲ. ರಾತ್ರಿ ಕೆಲವು ಸಿ-ಟ್ರೇನ್ ನಿಲ್ದಾಣಗಳಲ್ಲಿ ಮುಜುಗರ ಆಗುತ್ತದೆ, ಒಬ್ಬರೇ ಹೋಗುವ ಹೆಣ್ಣುಮಕ್ಕಳು ಇದನ್ನ ಹೇಳುತ್ತಾರೆ, ಅದನ್ನು ತಳ್ಳಿಹಾಕಬಾರದು. ಮಾದಕ ವಸ್ತುಗಳ ಸಮಸ್ಯೆ ಇಲ್ಲಿ ಕಣ್ಣಿಗೆ ಕಾಣುತ್ತದೆ, ಉತ್ತರ ಅಮೆರಿಕದ ದೊಡ್ಡ ಆಶ್ರಯ ಕೇಂದ್ರಗಳಲ್ಲಿ ಒಂದಾದ ಡ್ರಾಪ್-ಇನ್ ಸೆಂಟರ್ ಕೂಡ ಹತ್ತಿರದಲ್ಲೇ ಇದೆ. ಅಲ್ಲಿರುವವರೂ ಡೌನ್‌ಟೌನ್‌ನ ನಿವಾಸಿಗಳೇ, ಅವರಿಗೂ ಮನೆ ಬೇಕು. ಅವರನ್ನು ಇನ್ನೊಂದು ಬೀದಿಗೆ ತಳ್ಳಿದರೆ ಸಮಸ್ಯೆ ಆ ಬೀದಿಗೆ ಹೋಗುತ್ತದೆ. ಬೀದಿಯಲ್ಲಿ ಹೊತ್ತು ಮುಳುಗಿದ ಮೇಲೂ ಅಂಗಡಿ ತೆರೆದಿದ್ದು ಜನ ಓಡಾಡುತ್ತಿದ್ದರೆ ಎಲ್ಲರಿಗೂ ಧೈರ್ಯ.

ಮಕ್ಕಳನ್ನು ಕಟ್ಟಿಕೊಂಡು ಇರಬಹುದಾ?

ಇರಬಹುದು, ಆದರೆ ಸುಲಭ ಅಲ್ಲ. ಹೊಸ ಮನೆಗಳಲ್ಲಿ ಒಂದು ಬೆಡ್‌ರೂಮಿನವು ಜಾಸ್ತಿ, ಮೂರು ಬೆಡ್‌ರೂಮ್ ಹುಡುಕಬೇಕು. ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ನಮ್ಮಂಥ ಮನೆಗಳಿಗೆ ಒಂದು ಬೆಡ್‌ರೂಮ್ ಸಾಲುತ್ತಾ? ಶಾಲೆಯೂ ಕಡಿಮೆ. ಪಕ್ಕದ ಬೆಲ್ಟ್‌ಲೈನ್‌ನಲ್ಲಿ ಕಾನಾಟ್ ಪ್ರಾಥಮಿಕ ಶಾಲೆ ಇದೆ, ಆದರೆ ನೀವು ನೋಡುತ್ತಿರುವ ವಿಳಾಸಕ್ಕೆ ಯಾವ ಶಾಲೆ ಅಂತ ಶಾಲಾ ಮಂಡಳಿಯಲ್ಲಿ ಮೊದಲೇ ವಿಚಾರಿಸಿ. ಸಿಟಿಗೆ ನಾನು ಒಂದೇ ಒಂದು ಬೇಡಿಕೆ ಇಡಬಹುದು ಅಂದರೆ ಇದನ್ನೇ ಇಡುತ್ತೇನೆ: ದೊಡ್ಡ ಮನೆಗೆ ಚದರ ಅಡಿಗೆ ಹೆಚ್ಚು ಕೊಡಿ. ಇಪ್ಪತ್ತೈದರ ಹುಡುಗರು ಎರಡು ವರ್ಷ ಇದ್ದು ಹೋಗುತ್ತಾರೆ, ಮಕ್ಕಳು ಶಾಲೆಗೆ ಸೇರಿದ ಕುಟುಂಬ ಹತ್ತು ವರ್ಷ ಕದಲಲ್ಲ.

ಹಾಗಾದರೆ ಇದು ಗೆದ್ದಿದೆಯಾ?

ಇನ್ನೂ ಇಲ್ಲ. 2024ರಲ್ಲೂ ಆಫೀಸು ಖಾಲಿ ಇರೋದು ನೂರಕ್ಕೆ 30ರ ಆಸುಪಾಸಿನಲ್ಲೇ ಇತ್ತು. ಆದರೆ ಎಷ್ಟೋ ಊರುಗಳು ಇನ್ನೂ ಸಮಿತಿ ಮಾಡಿ ವರದಿ ಬರೆಸುತ್ತಿರುವಾಗ ಇಲ್ಲಿ ನಿಜವಾಗಿ ಬಾಗಿಲು ತೆರೆದು ಜನ ಒಳಗೆ ಬಂದಿದ್ದಾರೆ, ಅದಕ್ಕೇ ಅಮೆರಿಕದ ನಗರಗಳವರೂ ಇಲ್ಲಿಗೆ ಬಂದು ನೋಡಿ ಹೋಗುತ್ತಿದ್ದಾರೆ.

ಇಂಥ ಕಟ್ಟಡದಲ್ಲಿ ಮನೆ ನೋಡಲು ಹೋದಾಗ ಏನು ಗಮನಿಸಬೇಕು?

ಕಿಟಕಿ ತೆರೆಯುತ್ತಾ ಅಂತ ಕೈಯಲ್ಲೇ ತೆಗೆದು ನೋಡಿ, ಬರೀ ಕೇಳಬೇಡಿ. ಮಲಗುವ ಕೋಣೆಗೆ ಸ್ವಂತ ಕಿಟಕಿ ಇದೆಯಾ, ಇಲ್ಲ ಹಾಲ್‌ನಿಂದ ಬರುವ ಬೆಳಕೇ ಗತಿಯಾ? ಹಾಲ್ ನಡುವೆ ಆಫೀಸ್ ಕಾಲದ ದಪ್ಪ ಕಂಬ ಇದ್ದರೆ ಸೋಫಾ ಎಲ್ಲಿ ಹಾಕುತ್ತೀರಿ ಅಂತ ಅಲ್ಲೇ ಯೋಚಿಸಿ. ಒಗ್ಗರಣೆ ಹಾಕುವ ಮನೆಯವರು ಅಡುಗೆಮನೆ ಚಿಮಣಿ ಹೊಗೆಯನ್ನು ಹೊರಗೆ ಕಳಿಸುತ್ತಾ, ಅಥವಾ ಫಿಲ್ಟರ್ ಮಾಡಿ ಮತ್ತೆ ಒಳಗೇ ಬಿಡುತ್ತಾ ಅಂತ ತಪ್ಪದೆ ಕೇಳಿ. ಮನೆ ಬಿಸಿ ಮಾಡುವ ಹೀಟಿಂಗ್ ಬಿಲ್ ಬಾಡಿಗೆಯಲ್ಲಿ ಸೇರಿದೆಯಾ ನೋಡಿ. ಕಾರಿದ್ದರೆ ಪಾರ್ಕಿಂಗ್‌ಗೆ ತಿಂಗಳಿಗೆ ಎಷ್ಟು ಅಂತ ಬರೆಸಿಕೊಳ್ಳಿ, ಡೌನ್‌ಟೌನ್‌ನಲ್ಲಿ ಅದು ದುಬಾರಿ. ಆಮೇಲೆ ಒಂದು ಸಲ ಸಂಜೆ ಏಳರ ಮೇಲೆ ಆ ಬೀದಿಯಲ್ಲಿ ನಡೆದು ನೋಡಿ, ಹತ್ತಿರದ ದಿನಸಿ ಅಂಗಡಿಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತಾಗುತ್ತದೆ.